ಚಾರ್ಟಲ್ಲಿ ಯಾವ್ದು ಮೊದ್ಲು ಯಾವ್ದು ಆಮೇಲೆ: ಕೆಟಗರಿ ಜೋಡಿಸೋದು, ಆಕ್ಸಿಸ್ ಲೇಬಲ್ ಸರಿ ಮಾಡೋದು, ಪೂರ್ತಿ ಗೈಡ್

ತಿಂಗಳವಾರು ಡೇಟಾ ತಗೊಂಡು, ತಿಂಗಳ ಹೆಸರನ್ನ ಬರೀ ಟೆಕ್ಸ್ಟ್ ಆಗಿ ಬಿಟ್ಟು ಒಂದು ಬಾರ್ ಚಾರ್ಟ್ ಮಾಡಿ ನೋಡಿ. ಎಷ್ಟೋ ಟೂಲಲ್ಲಿ, ಹೆಸರು ಇಂಗ್ಲಿಷಲ್ಲಿದ್ರೆ ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ ಅಂತ ಸಾಲಾಗಿ ನಿಲ್ತವೆ, ಕನ್ನಡದಲ್ಲಿದ್ರೆ ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ ಅಂತ. ಅಕಾರಾದಿ ಲೆಕ್ಕದಲ್ಲಿ ಎರಡೂ ಸರಿ, ವರ್ಷದ ಲೆಕ್ಕದಲ್ಲಿ ಎರಡೂ ತಪ್ಪು. ನಾನು ಒಂದ್ಸಲ ಇಂಥ ಚಾರ್ಟನ್ನೇ ಮೀಟಿಂಗಲ್ಲಿ ತೋರ್ಸಿದ್ದೆ, ಎದುರಿಗಿದ್ದವ್ರು "ಮಧ್ಯದಲ್ಲಿ ಯಾಕೆ ಇಷ್ಟು ಬಿದ್ದಿದೆ" ಅಂತ ಕಾರಣ ಹುಡುಕೋಕೆ ಶುರು ಮಾಡಿದ್ರು, ಆದ್ರೆ ಡೇಟಾದಲ್ಲಿ ಬೀಳೋದು ಅನ್ನೋದೇ ಇರ್ಲಿಲ್ಲ, ಇದ್ದದ್ದು ತಿಂಗಳುಗಳ ಕಲಸುಮೇಲೋಗರ. ನಂಬರ್ ಒಂದೂ ತಪ್ಪಿರ್ಲಿಲ್ಲ, ಆದ್ರೂ ಚಾರ್ಟ್ ಹೇಳಿದ್ದು ಸುಳ್ಳು.

ಇದು ದೊಡ್ಡ ಮಟ್ಟದಲ್ಲೂ ಆಗಿದೆ. 2020ರ ಮೇ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಆರೋಗ್ಯ ಇಲಾಖೆ ಹೆಚ್ಚು ಕೋವಿಡ್ ಕೇಸ್ ಇರೋ 5 ಕೌಂಟಿಗಳ (ನಮ್ಮ ಜಿಲ್ಲೆ ಥರ) ಬಾರ್ ಚಾರ್ಟ್ ಹಾಕಿತ್ತು. ಅದ್ರಲ್ಲಿ ಕೆಳಗಿನ ತಾರೀಖುಗಳು ದಿನದ ಕ್ರಮದಲ್ಲಿ ಇರ್ಲಿಲ್ಲ, ಏಪ್ರಿಲ್ ಆದ್ಮೇಲೆ ಮೇ ಬಂದು ಮತ್ತೆ ಏಪ್ರಿಲ್ ಬರ್ತಿತ್ತು, ಸಾಲದ್ದಕ್ಕೆ ಪ್ರತಿ ತಾರೀಖಿನ ಗುಂಪಲ್ಲೂ ಕೌಂಟಿಗಳ ಕ್ರಮ ಬೇರೆ ಬೇರೆ. ದೊಡ್ಡ ಬಾರ್ ಎಡಕ್ಕೆ, ಚಿಕ್ಕದು ಬಲಕ್ಕೆ ಅಂತ ಜೋಡಿಸಿದ್ರಿಂದ ಕೇಸ್ ಒಂದೇ ಸಮನೆ ಇಳೀತಿದೆ ಅನ್ನೋ ಹಾಗೆ ಕಾಣ್ತಿತ್ತು. ಆಮೇಲೆ ಚಾರ್ಟ್ ತಿದ್ದಿದ್ರು, ಸರ್ಕಾರದ ಕಡೆಯಿಂದ ಕ್ಷಮೆನೂ ಬಂತು. ಅಲ್ಲೂ ಎಡವಟ್ಟಾಗಿದ್ದು ಜೋಡಣೆಲಿ.

ಅದಕ್ಕೇ ನಾನು ಹೇಳೋದು, ಯಾವ್ದನ್ನ ಎಲ್ಲಿ ಇಡ್ಬೇಕು ಅನ್ನೋದನ್ನ ಸಾಫ್ಟ್‌ವೇರ್ ಕೈಗೆ ಬಿಡ್ಬೇಡಿ. ಅದಕ್ಕೆ ಗೊತ್ತಿರೋದು ಅಕ್ಷರ ಮಾತ್ರ, ನಿಮ್ಮ ಓದುಗನ ಪ್ರಶ್ನೆ ಏನು ಅಂತ ಅದಕ್ಕೆ ಗೊತ್ತಿಲ್ಲ.

ಹಂತ 1: ಈ ಕೆಟಗರಿಗಳಿಗೆ ತಮ್ಮದೇ ಕ್ರಮ ಇದ್ಯಾ?

ಮೊದ್ಲು ಕೇಳ್ಕೋಬೇಕಾದ ಪ್ರಶ್ನೆ ಇದೇ. ಕೆಟಗರಿ ಅಂದ್ರೆ ಒಂದೊಂದು ಬಾರಿಗೂ ಇರೋ ಹೆಸರು. ತಿಂಗಳು, ವಾರದ ದಿನ, ವಯಸ್ಸಿನ ಗುಂಪು, ಓದಿನ ಹಂತ, ಸೈಜ್ (ಸ್ಮಾಲ್, ಮೀಡಿಯಂ, ಲಾರ್ಜ್), ಸರ್ವೆ ಉತ್ತರ, ಇವಕ್ಕೆಲ್ಲ ಹುಟ್ಟಿನಿಂದ್ಲೇ ಒಂದು ಕ್ರಮ ಇದೆ, ಅದನ್ನ ಮುರೀಬಾರ್ದು, ಬೆಲೆ (ಅಂದ್ರೆ ಬಾರ್ ತೋರ್ಸೋ ನಂಬರ್) ದೊಡ್ಡದಿರ್ಲಿ ಚಿಕ್ಕದಿರ್ಲಿ. ವಯಸ್ಸಿನ ಗುಂಪುಗಳನ್ನ ಸಂಖ್ಯೆ ಜಾಸ್ತಿ ಇರೋ ಪ್ರಕಾರ ಜೋಡಿಸ್ಬಿಟ್ರೆ ಹಂಚಿಕೆಯ ಆಕಾರಾನೇ ಹೋಗುತ್ತೆ, ಯಾವ ವಯಸ್ಸಲ್ಲಿ ಏರುತ್ತೆ ಎಲ್ಲಿ ಇಳಿಯುತ್ತೆ ಅನ್ನೋದು ಕಾಣಲ್ಲ.

ವಯಸ್ಸಿನ ಗುಂಪಲ್ಲಿ ಇನ್ನೊಂದು ಗುಂಡಿ ಇದೆ. 0-4, 5-9, 10-14 ಇವೆಲ್ಲ ಟೆಕ್ಸ್ಟ್ ಆದ್ರೆ 0-4 ಆದ್ಮೇಲೆ ಸೀದಾ 10-14 ಬರುತ್ತೆ, 5-9 ಅನ್ನೋದು ಎಲ್ಲೋ ಐವತ್ತರ ಆಸುಪಾಸಲ್ಲಿ ಹೋಗಿ ಕೂತಿರುತ್ತೆ, ಯಾಕಂದ್ರೆ ಟೆಕ್ಸ್ಟ್ ಹೋಲಿಸೋವಾಗ ಮೊದಲ ಅಕ್ಷರ 1, 5ಕ್ಕಿಂತ ಮುಂಚೆ, ಅಷ್ಟೇ. ಎಕ್ಸೆಲ್‌ಗೆ 5-9 ಟೈಪ್ ಮಾಡಿದ್ರಂತೂ ಅದು ತಾರೀಖೇ ಆಗ್ಬಿಡ್ಬಹುದು. ಈ ತಾರೀಖಿನ ಕಾಟ ಎಷ್ಟಿತ್ತು ಅಂದ್ರೆ, ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ ಸೆಪ್ಟ್1, ಮಾರ್ಚ್1 ಥರದ ಹೆಸರುಗಳನ್ನೇ ಬದಲಾಯಿಸ್ತು, ಸೆಪ್ಟಿನ್1 ಅಂತ ಮಾಡ್ತು. ಅದಕ್ಕೆ ಡೇಟಾ ಹಾಕೋ ಮುಂಚೆನೇ ಕಾಲಮನ್ನ ಟೆಕ್ಸ್ಟ್ ಫಾರ್ಮ್ಯಾಟ್‌ಗೆ ಇಡಿ, ಇಲ್ಲಾಂದ್ರೆ "5ರಿಂದ 9" ಅಂತ ಬರೀರಿ.

ಸರ್ವೆ ಉತ್ತರದಲ್ಲಿ "ಪೂರ್ತಿ ಒಪ್ತೀನಿ"ಯಿಂದ "ಒಪ್ಪೋದೇ ಇಲ್ಲ" ತನಕ ಒಂದು ಏಣಿ ಇದೆ ಅಲ್ವಾ, ಆದ್ರೆ "ಗೊತ್ತಿಲ್ಲ" ಅನ್ನೋದು ಆ ಏಣಿ ಮೇಲೆ ಇಲ್ಲ. ಅದನ್ನ ಮಧ್ಯದಲ್ಲಿ ತುರುಕ್ಬೇಡಿ, "ಎರಡೂ ಅಲ್ಲ" ಬೇರೆ, "ಗೊತ್ತಿಲ್ಲ" ಬೇರೆ. ಅದು ಕೊನೆಗೆ ಬರ್ಲಿ, ಬೂದು ಬಣ್ಣದಲ್ಲಿ, ಸ್ವಲ್ಪ ಜಾಗ ಬಿಟ್ಟು.

ತಾರೀಖು ಟೆಕ್ಸ್ಟ್ ಆಗೇ ಇರ್ಬೇಕು ಅನ್ನೋ ಪರಿಸ್ಥಿತಿ ಇದ್ರೆ 2024-03-05 ಹೀಗೆ ವರ್ಷ-ತಿಂಗಳು-ದಿನ ಬರೀರಿ. ಇದು ಐಎಸ್‌ಒ 8601 ಪದ್ಧತಿ, ಇದ್ರಲ್ಲಿ ಅಕ್ಷರದ ಕ್ರಮನೂ ಕಾಲದ ಕ್ರಮನೂ ಒಂದೇ ಆಗಿರುತ್ತೆ.

ಹಂತ 2: ಸ್ವಂತ ಕ್ರಮ ಇಲ್ದಿದ್ರೆ ಯಾವ್ದರ ಪ್ರಕಾರ ಜೋಡಿಸೋದು?

ಇಲ್ಲೇ ನಿಜವಾದ ಕೆಲಸ ಇರೋದು. ಗ್ರಾಹಕರ ದೂರಿನ ಕಾರಣಗಳು ಅಂತ ಇಟ್ಕೊಳಿ: ಪಾಸ್‌ವರ್ಡ್ ಮರೆತದ್ದು, ಪೇಮೆಂಟ್ ಫೇಲ್ ಆದದ್ದು, ಆರ್ಡರ್ ತಡ ಆದದ್ದು, ಹೀಗೆ ಒಂದು ಹತ್ತು. ಇವಕ್ಕೆ ಸಹಜ ಕ್ರಮ ಇಲ್ಲ, ಹಾಗಾಗಿ ಬೆಲೆ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಯಾವ್ದು ಮೊದಲನೇದು, ಯಾವ್ದು ಎರಡನೇದು, ಎಲ್ಲಿಂದ ಸಣ್ಣಪುಟ್ಟದು ಶುರು ಆಗುತ್ತೆ, ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ. ಕ್ಲೀವ್‌ಲ್ಯಾಂಡ್ ಮತ್ತೆ ಮೆಕ್‌ಗಿಲ್ ಅನ್ನೋ ಇಬ್ಬರು 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಒಂದೇ ಅಳತೆಗೋಲಿನ ಮೇಲಿನ ಜಾಗಗಳನ್ನ ಹೋಲಿಸೋದ್ರಲ್ಲಿ ನಮ್ಮ ಕಣ್ಣು ಅತಿ ಕಮ್ಮಿ ತಪ್ಪು ಮಾಡುತ್ತೆ, ಬಾರ್‌ಗಳು ಅಕ್ಕಪಕ್ಕ ಇದ್ರೆ ಹೋಲಿಕೆ ಇನ್ನೂ ಸುಲಭ. 41, 43 ಅನ್ನೋ ಎರಡು ಬಾರ್ ಪಕ್ಕಪಕ್ಕ ಇದ್ರೆ ವ್ಯತ್ಯಾಸ ಕಾಣುತ್ತೆ, ಮಧ್ಯೆ ಆರು ಬಾರ್ ಬಂದ್ರೆ ಕಾಣಲ್ಲ.

"ಇತರೆ" ಅನ್ನೋದು ಎಷ್ಟೇ ದೊಡ್ಡದಿದ್ರೂ ಕೊನೆಗೇ. ಅದು ಒಂದು ಕಾರಣ ಅಲ್ಲ, ಹತ್ತಾರು ಕಾರಣದ ಮೂಟೆ, ಅದನ್ನ ಮೊದಲನೇ ಸ್ಥಾನದಲ್ಲಿ ಕೂರ್ಸಿದ್ರೆ "ಜನರ ದೊಡ್ಡ ಸಮಸ್ಯೆ ಇತರೆ" ಅಂತ ಓದಿದಂಗಾಗುತ್ತೆ. ಅದು ನಿಜವಾಗ್ಲೂ ಎಲ್ಲಕ್ಕಿಂತ ದೊಡ್ಡದಾಗಿದ್ರೆ ಚಾರ್ಟ್ ಬಿಟ್ಟು ಡೇಟಾ ಕಡೆ ಹೋಗಿ, ವಿಂಗಡಣೆನೇ ಸರಿಯಾಗಿಲ್ಲ ಅಂತ ಅರ್ಥ.

ಒಂದು ಕೆಟಗರಿಗೆ ಎರಡ್ಮೂರು ಬಾರ್ ಇದ್ರೆ, ಉದಾಹರಣೆಗೆ ಹೋದ ವರ್ಷ ಮತ್ತೆ ಈ ವರ್ಷ, ಯಾವ್ದರ ಪ್ರಕಾರ ಜೋಡಿಸ್ಬೇಕು? ನಿಮ್ಮ ಟೈಟಲ್ ಏನ್ ಹೇಳ್ತಿದೆ ಅನ್ನೋದರ ಮೇಲೆ ಹೋಗಿ. ಟೈಟಲ್ "ಈ ವರ್ಷ ಯಾವ ದೂರು ಜಾಸ್ತಿ" ಅಂದ್ರೆ ಈ ವರ್ಷದ ಬೆಲೆ ಪ್ರಕಾರ, "ಯಾವ ದೂರು ಹೆಚ್ಚಾಯ್ತು" ಅಂದ್ರೆ ಎರಡರ ವ್ಯತ್ಯಾಸದ ಪ್ರಕಾರ. ಟೈಟಲ್ ಒಂದು ಹೇಳಿ ಜೋಡಣೆ ಇನ್ನೊಂದು ಹೇಳೋ ಚಾರ್ಟನ್ನ ಓದೋದು ತುಂಬಾ ಕಷ್ಟ. ಮತ್ತೆ ಪ್ರತಿ ಗುಂಪಿನೊಳಗೂ ಸೀರೀಸ್‌ಗಳ (ಆ ಎರಡ್ಮೂರು ಬಾರ್‌ಗಳ) ಕ್ರಮ ಒಂದೇ ಇರ್ಬೇಕು, ಜಾರ್ಜಿಯಾ ಚಾರ್ಟಲ್ಲಿ ತಪ್ಪಿದ್ದ ಎರಡನೇ ವಿಷಯ ಅದೇ.

ಸ್ಟ್ಯಾಕ್ಡ್ ಬಾರ್ (ಒಂದೇ ಬಾರಲ್ಲಿ ಭಾಗಗಳನ್ನ ಒಂದರ ಮೇಲೊಂದು ಪೇರಿಸಿದ್ದು) ಆದ್ರೆ ತಳದಲ್ಲಿರೋ ಭಾಗ ಮಾತ್ರ ಒಂದೇ ಗೆರೆಯಿಂದ ಶುರು ಆಗುತ್ತೆ, ಉಳಿದವೆಲ್ಲ ತೇಲ್ತಿರ್ತವೆ. ಹಾಗಾಗಿ ಯಾವ್ದನ್ನ ಹೋಲಿಸ್ಬೇಕೋ ಅದನ್ನ ತಳಕ್ಕೆ ಹಾಕಿ, ಆಮೇಲೆ ಸಾಲುಗಳನ್ನ ಅದೇ ಭಾಗದ ಪ್ರಕಾರ ಸಾರ್ಟ್ ಮಾಡಿ.

ಪ್ರತಿ ವಾರ ಬರೋ ರಿಪೋರ್ಟ್ ಆದ್ರೆ ನಾನು ಬೆಲೆ ಪ್ರಕಾರ ಸಾರ್ಟ್ ಮಾಡಲ್ಲ. ಓದೋರು ತಮ್ಮ ವಿಭಾಗ ಮೂರನೇ ಸಾಲಲ್ಲಿದೆ ಅಂತ ಅಭ್ಯಾಸ ಮಾಡ್ಕೊಂಡಿರ್ತಾರೆ, ವಾರ ವಾರ ಜಾಗ ಬದಲಾದ್ರೆ ಪ್ರತಿಸಲ ಹುಡುಕ್ಬೇಕು, ಬಣ್ಣನೂ ಅದರ ಜೊತೆ ಬದಲಾದ್ರಂತೂ ಕೇಳೋದೇ ಬೇಡ. ಅಲ್ಲಿ ಒಂದು ಕ್ರಮ ಗಟ್ಟಿ ಮಾಡಿ ವರ್ಷಪೂರ್ತಿ ಅದನ್ನೇ ಇಡಿ. ಅಕಾರಾದಿ ಸರಿ ಹೋಗೋದು ಒಂದೇ ಕಡೆ, ಐವತ್ತು ಅರವತ್ತು ಹೆಸರಿದ್ದು ಓದುಗ ತನ್ನ ಹೆಸರು ಹುಡುಕ್ಕೊಂಡು ಬರೋ ಜಾಗದಲ್ಲಿ, ಅದೂ ಚಾರ್ಟ್‌ಗಿಂತ ಟೇಬಲ್‌ಗೆ ಒಪ್ಪೋ ಕೆಲಸ.

ಹಂತ 3: ಟೂಲಲ್ಲಿ ಮಾಡೋದು ಹೇಗೆ

ಎಕ್ಸೆಲ್: ಚಾರ್ಟ್ ಶೀಟಿನ ಸಾಲುಗಳ ಕ್ರಮನೇ ತಗೊಳುತ್ತೆ, ಹಾಗಾಗಿ ಡೇಟಾನೇ ಸಾರ್ಟ್ ಮಾಡ್ಬೇಕು. ತಿಂಗಳು, ವಾರದ ಹೆಸರಿಗೆ ಸಾರ್ಟ್ ಡೈಲಾಗಲ್ಲಿ ಆರ್ಡರ್ ಅಂತಿರೋ ಕಡೆ ಕಸ್ಟಮ್ ಲಿಸ್ಟ್ ಆರ್ಸಿ, ಇಂಗ್ಲಿಷ್ ತಿಂಗಳು ಮತ್ತೆ ದಿನಗಳು ಅದ್ರಲ್ಲಿ ಮೊದ್ಲೇ ಇರ್ತವೆ, ನಿಮ್ಮದೇ ಲಿಸ್ಟನ್ನೂ ಸೇರಿಸ್ಬಹುದು. ಅಡ್ಡ ಬಾರ್ ಮಾಡಿದ್ರೆ ಮೊದಲ ಸಾಲು ಕೆಳಗೆ ಹೋಗಿರುತ್ತೆ, ಎಲ್ಲರೂ ಒಂದ್ಸಲ ಇಲ್ಲಿ ತಬ್ಬಿಬ್ಬಾಗ್ತಾರೆ. ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋಗಿ ಕೆಟಗರೀಸ್ ಇನ್ ರಿವರ್ಸ್ ಆರ್ಡರ್ ಟಿಕ್ ಮಾಡಿ. ಆಗ ನಂಬರ್ ಇರೋ ಆಕ್ಸಿಸ್ ಮೇಲಕ್ಕೆ ಹಾರುತ್ತೆ, ಅಲ್ಲೇ ಅಟ್ ಮ್ಯಾಕ್ಸಿಮಮ್ ಕೆಟಗರಿ ಕೊಟ್ರೆ ವಾಪಸ್ ಕೆಳಗೆ ಬರುತ್ತೆ.

ಪವರ್ ಬಿಐ: ತಿಂಗಳ ಹೆಸರಿನ ಪಕ್ಕ 1ರಿಂದ 12ರ ತನಕ ನಂಬರ್ ಇರೋ ಇನ್ನೊಂದು ಕಾಲಮ್ ಮಾಡಿ, ಹೆಸರಿನ ಕಾಲಮ್ ಸೆಲೆಕ್ಟ್ ಮಾಡಿ ಸಾರ್ಟ್ ಬೈ ಕಾಲಮ್ ಅಂತ ಆ ನಂಬರ್ ಕಾಲಮ್ ಕೊಡಿ. ಒಂದ್ಸಲ ಮಾಡಿದ್ರೆ ಎಲ್ಲ ಚಾರ್ಟಿಗೂ ಆಯ್ತು.

ಆರ್ ಭಾಷೆ, ಅದರ ಚಾರ್ಟ್ ಪ್ಯಾಕೇಜ್ ಜಿಜಿಪ್ಲಾಟ್2: ಇಲ್ಲಿ ಕ್ರಮ ಇರೋದು ಡೇಟಾದ ಸಾಲಲ್ಲಿ ಅಲ್ಲ, ಫ್ಯಾಕ್ಟರಿನ (ಕೆಟಗರಿಗಳನ್ನ ಇಟ್ಕೊಳೋ ಕಾಲಮಿನ) ಲೆವೆಲ್ಸಲ್ಲಿ, ಅಂದ್ರೆ ಆ ಹೆಸರುಗಳ ಪಟ್ಟಿಲಿ. ಹಾಗಾಗಿ ಡೇಟಾ ಫ್ರೇಮನ್ನ ಎಷ್ಟು ಸಾರ್ಟ್ ಮಾಡಿದ್ರೂ ಚಾರ್ಟ್ ಅಲ್ಲಾಡಲ್ಲ, ಗಂಟೆಗಟ್ಲೆ ತಲೆ ಕೆಡಿಸ್ಕೊಳೋರನ್ನ ನೋಡಿದೀನಿ. ಫೋರ್‌ಕ್ಯಾಟ್ಸ್ ಪ್ಯಾಕೇಜ್ ಹಾಕೊಳಿ: ಎಫ್‌ಸಿಟಿ_ರೀಆರ್ಡರ್ ಬೆಲೆ ಪ್ರಕಾರ ಜೋಡಿಸುತ್ತೆ, ಎಫ್‌ಸಿಟಿ_ಇನ್‌ಫ್ರೀಕ್ ಎಷ್ಟು ಸಲ ಬಂದಿದೆ ಅನ್ನೋದರ ಪ್ರಕಾರ, ಎಫ್‌ಸಿಟಿ_ರೆವ್ ತಿರುವಿ ಹಾಕುತ್ತೆ, ಎಫ್‌ಸಿಟಿ_ರೀಲೆವೆಲ್‌ನಿಂದ "ಇತರೆ"ನ ಬೇಕಾದ ತುದಿಗೆ ತಳ್ಳಬಹುದು. ಒಂದು ಎಚ್ಚರ, ಎಫ್‌ಸಿಟಿ_ರೀಆರ್ಡರ್ ಸುಮ್ನೆ ಬಿಟ್ರೆ ಮೀಡಿಯನ್ (ಸಾಲಾಗಿ ಇಟ್ಟಾಗ ಮಧ್ಯದಲ್ಲಿ ಬರೋ ಬೆಲೆ) ಪ್ರಕಾರ ಜೋಡಿಸುತ್ತೆ. ಒಂದು ಕೆಟಗರಿಗೆ ಹತ್ತು ಸಾಲು ಇದ್ದು ಬಾರ್ ತೋರ್ಸೋದು ಅವುಗಳ ಮೊತ್ತ ಆದ್ರೆ ಜೋಡಣೆ ಅಡ್ಡಾದಿಡ್ಡಿ ಕಾಣುತ್ತೆ, ಆಗ ಫಂಕ್ಷನ್ ಅಂತ ಸಮ್ ಕೊಡಿ.

ಪೈಥಾನ್: ಚಾರ್ಟ್ ಬಿಡಿಸೋ ಮ್ಯಾಟ್‌ಪ್ಲಾಟ್‌ಲಿಬ್ ಟೆಕ್ಸ್ಟ್ ಕೆಟಗರಿಗಳನ್ನ ಬಂದ ಕ್ರಮದಲ್ಲೇ ಇಡುತ್ತೆ, ಆದ್ರೆ ಅದಕ್ಕೂ ಮುಂಚೆ ಡೇಟಾ ಸಿದ್ಧ ಮಾಡೋ ಪಾಂಡಾಸ್‌ನ ಗ್ರೂಪ್‌ಬೈ ಎಲ್ಲವನ್ನ ಅಕಾರಾದಿ ಮಾಡಿರುತ್ತೆ. ಸಾರ್ಟ್_ವ್ಯಾಲ್ಯೂಸ್ ಹಾಕಿ, ಇಲ್ಲಾ ಕಾಲಮನ್ನ ಕೆಟಗೋರಿಕಲ್ ಮಾಡಿ ಕ್ರಮ ಕೊಟ್ಟು ಆರ್ಡರ್ಡ್ ಟ್ರೂ ಅನ್ನಿ. ಸೀಬಾರ್ನ್‌ಗೆ ಆರ್ಡರ್ ಅನ್ನೋ ಆಯ್ಕೆ ಸೀದಾ ಇದೆ. ಅಡ್ಡ ಬಾರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಮೊದಲನೇದನ್ನ ಕೆಳಗೆ ಇಡುತ್ತೆ, ಇನ್‌ವರ್ಟ್_ವೈಆಕ್ಸಿಸ್ ಕೊಟ್ರೆ ಸರಿಹೋಗುತ್ತೆ, ಸೀಬಾರ್ನ್ ಇದನ್ನ ತಾನೇ ಮಾಡಿರುತ್ತೆ. ಪ್ಲಾಟ್ಲಿಲಿ ಕೆಟಗರಿಆರ್ಡರ್‌ಗೆ ಟೋಟಲ್ ಡಿಸೆಂಡಿಂಗ್ ಕೊಡ್ಬಹುದು, ಅಡ್ಡ ಬಾರ್ ಆದ್ರೆ ಟೋಟಲ್ ಅಸೆಂಡಿಂಗ್, ಆಗ ದೊಡ್ಡದು ಮೇಲೆ ಬರುತ್ತೆ.

ಆರ್ ಆಗ್ಲಿ ಪಾಂಡಾಸ್ ಆಗ್ಲಿ, ಇದನ್ನ ಮರೀಬೇಡಿ: ನೀವು ಕೊಟ್ಟ ಲೆವೆಲ್ ಪಟ್ಟಿಲಿ ಒಂದು ಹೆಸರು ಬಿಟ್ಟುಹೋದ್ರೆ, ಅಥವಾ ಕೊನೇಲಿ ಒಂದು ಸ್ಪೇಸ್ ಜಾಸ್ತಿ ಇದ್ರೆ, ಆ ಸಾಲುಗಳೆಲ್ಲ ಸದ್ದಿಲ್ದೆ ಖಾಲಿ ಆಗ್ತವೆ. ಚಾರ್ಟ್ ಚೆನ್ನಾಗೇ ಬರುತ್ತೆ, ಒಂದು ಕೆಟಗರಿನೇ ಇರಲ್ಲ ಅಷ್ಟೇ. ಜೋಡಿಸೋ ಮುಂಚೆ ಮತ್ತೆ ಆಮೇಲೆ ಖಾಲಿ ಎಷ್ಟಿದೆ ಅಂತ ಎಣಿಸಿ ನೋಡಿ, ನಾನು ಪ್ರತಿಸಲ ಎಣಿಸ್ತೀನಿ.

ಹಂತ 4: ಲೇಬಲ್ ಓದೋಕೆ ಕತ್ತು ಸೊಟ್ಟ ಮಾಡ್ಬಾರ್ದು

ಹೆಸರು ಉದ್ದ ಇದ್ರೆ ಎಲ್ಲರೂ ಮೊದ್ಲು ಮಾಡೋದು 45 ಡಿಗ್ರಿ ಓರೆ ಮಾಡೋದು, ಅದೂ ಸಾಲದಿದ್ರೆ 90. ಅದು ಕೊನೇ ದಾರಿ ಆಗ್ಬೇಕು. ಮೊದ್ಲು ಚಾರ್ಟನ್ನೇ ಅಡ್ಡ ಹಾಕಿ, ಹೆಸರು ಎಡಗಡೆ ನೆಟ್ಟಗೆ ಕೂರುತ್ತೆ, ಹತ್ತರಲ್ಲಿ ಎಂಟು ಸಲ ಇಷ್ಟರಲ್ಲೇ ಸಮಸ್ಯೆ ಮುಗಿಯುತ್ತೆ. ಆಗ್ಲಿಲ್ಲ ಅಂದ್ರೆ ಹೆಸರನ್ನ ಚಿಕ್ಕದು ಮಾಡಿ, ಎಲ್ಲ ಲೇಬಲಲ್ಲೂ "ವಿಭಾಗ" ಅನ್ನೋ ಪದ ಇದ್ರೆ ಅದನ್ನ ತೆಗೆದು ಆಕ್ಸಿಸ್ ಟೈಟಲ್‌ಗೆ ಹಾಕಿ. ಅದೂ ಆಗ್ಲಿಲ್ಲ ಅಂದ್ರೆ ಎರಡು ಸಾಲಿಗೆ ಮುರೀರಿ: ಆರ್‌ನಲ್ಲಿ ಸ್ಕೇಲ್ಸ್ ಪ್ಯಾಕೇಜಿನ ಲೇಬಲ್_ರ‍್ಯಾಪ್, ಪೈಥಾನಲ್ಲಿ ಟೆಕ್ಸ್ಟ್‌ರ‍್ಯಾಪ್. ಜಿಜಿಪ್ಲಾಟಲ್ಲಿ ಗೈಡ್_ಆಕ್ಸಿಸ್‌ಗೆ ಎನ್.ಡಾಡ್ಜ್ 2 ಕೊಟ್ರೆ ಲೇಬಲ್‌ಗಳು ಒಂದು ಮೇಲೆ ಒಂದು ಕೆಳಗೆ ನಿಲ್ತವೆ, ಚಿಕ್ಕ ಹೆಸರಿಗೆ ಇದು ಚೆನ್ನಾಗಿರುತ್ತೆ.

ಮ್ಯಾಟ್‌ಪ್ಲಾಟ್‌ಲಿಬಲ್ಲಿ ಸೆಟ್_ಎಕ್ಸ್‌ಟಿಕ್‌ಲೇಬಲ್ಸ್ ಬಳಸೋವಾಗ ಜೋಪಾನ. ಅದು ಲೇಬಲಿನ ಅಕ್ಷರ ಮಾತ್ರ ಬದಲಾಯಿಸುತ್ತೆ, ಬಾರ್ ಎಲ್ಲಿದೆ ಅಂತ ನೋಡಲ್ಲ. ಡೇಟಾ ಸಾರ್ಟ್ ಆಗಿ ಲೇಬಲ್ ಪಟ್ಟಿ ಹಳೇ ಕ್ರಮದಲ್ಲೇ ಉಳಿದ್ರೆ ಒಬ್ಬರ ಬಾರಿಗೆ ಇನ್ನೊಬ್ಬರ ಹೆಸರು. ನೋಡೋಕೆ ಯಾವ ಸುಳಿವೂ ಇರಲ್ಲ, ಅದಕ್ಕೇ ನನ್ನ ಪ್ರಕಾರ ಈ ಇಡೀ ಗೈಡಲ್ಲಿ ಅತಿ ಅಪಾಯದ ತಪ್ಪು ಇದೇ. ಹೆಸರು ಬದಲಾಯಿಸೋದಿದ್ರೆ ಡೇಟಾದಲ್ಲೇ ಬದಲಾಯಿಸಿ ಆಮೇಲೆ ಚಾರ್ಟ್ ಹಾಕಿ.

ಹಂತ 5: ನಂಬರ್ ಲೇಬಲ್

4000000 ಅಂತ ಸೊನ್ನೆ ಎಣಿಸೋ ಕೆಲಸ ಓದುಗನಿಗೆ ಕೊಡ್ಬೇಡಿ. ಆಕ್ಸಿಸ್ ಮೇಲೆ 10, 20, 30, 40 ಬರೀರಿ, ಟೈಟಲಲ್ಲಿ "ಲಕ್ಷಗಳಲ್ಲಿ" ಅನ್ನಿ. ಓದೋರು ಮಿಲಿಯನ್ನಲ್ಲಿ ಯೋಚನೆ ಮಾಡೋರಾದ್ರೆ 1, 2, 3, 4 ಮತ್ತೆ "ಮಿಲಿಯನ್‌ಗಳಲ್ಲಿ". ಕಾಮಾನೂ ಅದಕ್ಕೆ ತಕ್ಕ ಹಾಗೆ, ಹೆಚ್ಚಿನ ಟೂಲ್‌ಗಳು ಸುಮ್ನೆ ಬಿಟ್ರೆ ಮೂರು ಮೂರು ಅಂಕಿಗೆ ಕಾಮಾ ಹಾಕ್ತವೆ, 40,00,000 ಬೇಕಂದ್ರೆ ನಾವೇ ಹೇಳ್ಬೇಕು. ಎಕ್ಸೆಲ್ ನಂಬರ್ ಫಾರ್ಮ್ಯಾಟಲ್ಲಿ ಇದನ್ನ ಹಾಕಿದ್ರೆ ಆಗುತ್ತೆ:

[>=10000000]##\,##\,##\,##0;[>=100000]##\,##\,##0;##,##0

ನೆಗೆಟಿವ್ ನಂಬರ್ ಇದ್ರೆ ಇದು ಸರಿಯಾಗಿ ಕೆಲಸ ಮಾಡಲ್ಲ, ಎರಡು ಷರತ್ತಿಗಷ್ಟೇ ಜಾಗ ಇರೋದು.

ಮ್ಯಾಟ್‌ಪ್ಲಾಟ್‌ಲಿಬ್ ದೊಡ್ಡ ನಂಬರ್ ಬಂದಾಗ ಲೇಬಲಲ್ಲಿ 1, 2, 3 ಹಾಕಿ ಮೂಲೆಲಿ ಚಿಕ್ಕದಾಗಿ ಹತ್ತರ ಘಾತ ಬರೆದಿರುತ್ತೆ, ಎಷ್ಟೋ ಜನ ಅದನ್ನ ನೋಡೋದೇ ಇಲ್ಲ. ಟಿಕ್‌ಲೇಬಲ್_ಫಾರ್ಮ್ಯಾಟ್‌ಗೆ ಸ್ಟೈಲ್ ಪ್ಲೇನ್, ಯೂಸ್‌ಆಫ್‌ಸೆಟ್ ಫಾಲ್ಸ್ ಕೊಟ್ರೆ ಅದು ಹೋಗುತ್ತೆ. ಶೇಕಡಾ ವಿಷ್ಯದಲ್ಲಿ ನಿಮ್ಮ ಡೇಟಾ 0.25 ಅಂತಿದ್ಯಾ 25 ಅಂತಿದ್ಯಾ ಮೊದ್ಲು ನೋಡಿ. ಎಕ್ಸೆಲ್ಲೂ ಆರ್‌ನ ಲೇಬಲ್_ಪರ್ಸೆಂಟೂ ನೂರರಿಂದ ಗುಣಿಸ್ತವೆ, 25 ಇದ್ರೆ 2500% ಆಗುತ್ತೆ, ಮ್ಯಾಟ್‌ಪ್ಲಾಟ್‌ಲಿಬಿನ ಪರ್ಸೆಂಟ್‌ಫಾರ್ಮ್ಯಾಟರ್ ಉಲ್ಟಾ, 100 ಅಂದ್ರೆ ಪೂರ್ತಿ ಅಂದ್ಕೊಳುತ್ತೆ, 0.25 ಇದ್ರೆ ಎಕ್ಸ್‌ಮ್ಯಾಕ್ಸ್ 1 ಕೊಡ್ಲೇಬೇಕು.

ಗೆರೆಗಳ ಮಧ್ಯದ ಅಂತರ 1, 2, 5 ಅಥವಾ ಅವುಗಳ ಹತ್ತು ಪಟ್ಟು ನೂರು ಪಟ್ಟು ಇರ್ಲಿ, 0, 7, 14 ಬೇಡ. ದಶಮಾಂಶ ಎಲ್ಲ ಲೇಬಲಲ್ಲೂ ಒಂದೇ ಇರ್ಲಿ. ಬಾರಿನ ಮೇಲೆ ನಂಬರ್ ಬರೆದಿದ್ರೆ ಆಕ್ಸಿಸ್ ನಂಬರ್ ತೆಗೆದುಬಿಡಿ. ಬಾರ್ ಯಾವಾಗ್ಲೂ ಸೊನ್ನೆಯಿಂದ್ಲೇ ಶುರು ಆಗ್ಬೇಕು.

ಹಂತ 6: ತಾರೀಖು

ಪ್ರತಿ ದಿನಕ್ಕೂ ಲೇಬಲ್ ಬೇಡ, ಮೂರು ತಿಂಗಳಿಗೊಂದು ಸಾಕು. ವರ್ಷನ ಜನವರಿ ಹತ್ರ ಒಂದೇ ಕಡೆ ಬರೀರಿ, ಮ್ಯಾಟ್‌ಪ್ಲಾಟ್‌ಲಿಬಿನ ಕನ್‌ಸೈಸ್‌ಡೇಟ್‌ಫಾರ್ಮ್ಯಾಟರ್ ಇದನ್ನೇ ಮಾಡುತ್ತೆ. ಪೈಥಾನ್, ಆರ್‌ನ ಫಾರ್ಮ್ಯಾಟ್ ಕೋಡಲ್ಲಿ ಚಿಕ್ಕ ಎಮ್ ಅಂದ್ರೆ ತಿಂಗಳು, ದೊಡ್ಡ ಎಮ್ ಅಂದ್ರೆ ನಿಮಿಷ. ನಿಮ್ಮ ತಿಂಗಳೆಲ್ಲ 00 ಅಂತ ಬರ್ತಿದ್ರೆ ಕಾರಣ ಅದೇ.

ಹಂತ 7: ಲೇಬಲ್ ಕನ್ನಡದಲ್ಲಿದ್ರೆ

ಇದರ ಬಗ್ಗೆ ಬರೆದಿರೋರು ಕಮ್ಮಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಮ್ಯಾಟ್‌ಪ್ಲಾಟ್‌ಲಿಬಿನ ಡೀಫಾಲ್ಟ್ ಫಾಂಟ್ ಡೆಜಾವು ಸಾನ್ಸ್, ಅದ್ರಲ್ಲಿ ಕನ್ನಡ ಅಕ್ಷರ ಇಲ್ಲ, ಹಾಗಾಗಿ ಬರೀ ಚೌಕ ಡಬ್ಬಿಗಳು ಬರ್ತವೆ. ನೋಟೋ ಸಾನ್ಸ್ ಕನ್ನಡ ಹಾಕಿದ್ರೆ ಅಕ್ಷರ ಬರುತ್ತೆ, ಆದ್ರೆ ನಾವು ಬಳಸಿಕೊಂಡು ಬಂದ ವರ್ಷನ್‌ಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಿಡಿಬಿಡಿಯಾಗಿ ನಿಲ್ತವೆ, ಯಾಕಂದ್ರೆ ಅಕ್ಷರಗಳನ್ನ ಸೇರಿಸಿ ಆಕಾರ ಕೊಡೋ ಕೆಲಸನೇ ಅಲ್ಲಿ ಆಗಲ್ಲ. ನನಗೆ ಸರಿ ಅನ್ಸಿದ ದಾರಿ ಎಸ್‌ವಿಜಿ ಆಗಿ ಸೇವ್ ಮಾಡೋದು: ಸೆಟ್ಟಿಂಗಲ್ಲಿ ಎಸ್‌ವಿಜಿ.ಫಾಂಟ್‌ಟೈಪ್‌ಗೆ ನನ್ (none) ಕೊಟ್ರೆ ಅಕ್ಷರಗಳು ಚಿತ್ರ ಆಗದೆ ಟೆಕ್ಸ್ಟ್ ಆಗೇ ಉಳೀತವೆ, ಬ್ರೌಸರಲ್ಲಿ ತೆರೆದಾಗ ಒತ್ತಕ್ಷರ ಸರಿಯಾಗಿ ಬರುತ್ತೆ. ಆರ್‌ನಲ್ಲಿ ರ‍್ಯಾಗ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿದ್ರೆ ಪಿಎನ್‌ಜಿಲೂ ಕನ್ನಡ ಚೆನ್ನಾಗಿ ಬರುತ್ತೆ.

ಅಕಾರಾದಿಲೂ ಒಂದು ತೊಡಕಿದೆ. ನಮ್ಮ ವರ್ಣಮಾಲೆಲಿ ಳ ಇರೋದು ಹ ಆದ್ಮೇಲೆ, ಎಲ್ಲಕ್ಕಿಂತ ಕೊನೆಗೆ. ಕಂಪ್ಯೂಟರಲ್ಲಿ ಪ್ರತಿ ಅಕ್ಷರಕ್ಕೂ ಇರೋ ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲ ಪಕ್ಕದಲ್ಲಿ, ವಗಿಂತ ಮುಂಚೆ ಇದೆ. ಪೈಥಾನಿನ ಸಾದಾ ಸಾರ್ಟ್ ನೋಡೋದು ಆ ಸಂಖ್ಯೆನ ಮಾತ್ರ, ಹಾಗಾಗಿ "ಬಳೆ" ಅನ್ನೋದು "ಬಸ್"ಗಿಂತ ಮುಂಚೆ ಬರುತ್ತೆ, ನಮ್ಮ ಕ್ರಮದಲ್ಲಿ ಆಮೇಲೆ ಬರ್ಬೇಕಿತ್ತು. ಪಟ್ಟಿ ಚಿಕ್ಕದಿದ್ರೆ ಕ್ರಮನ ಕೈಯಲ್ಲೇ ಬರೆದುಬಿಡಿ.

ಲೇಬಲ್ ಕತ್ತರಿಸೋವಾಗ್ಲೂ ಅಷ್ಟೇ. "ಕ್ಷ" ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಮೂರು: ಕ, ಹಲಂತ ಚಿಹ್ನೆ (್), ಷ. "ಮೊದಲ 12 ಅಕ್ಷರ" ಅಂತ ಕತ್ತರಿಸಿದ್ರೆ ಉದ್ದ ಲೇಬಲಿನ ಕೊನೇಲಿರೋ "ಶಿಕ್ಷಣ" ಹೋಗಿ "ಶಿಕ್" ಆಗಿ ನಿಂತಿರ್ಬಹುದು. ಟೆಕ್ಸ್ಟ್‌ರ‍್ಯಾಪ್ ಉದ್ದ ಪದ ಸಿಕ್ಕಿದ್ರೆ ಎಲ್ಲಿ ಬೇಕೋ ಅಲ್ಲಿ ಮುರಿಯುತ್ತೆ, ಬ್ರೇಕ್_ಲಾಂಗ್_ವರ್ಡ್ಸ್ ಫಾಲ್ಸ್ ಕೊಡಿ, ಪದದ ಮಧ್ಯೆ ಕೈ ಹಾಕಲ್ಲ.

ಎಲ್ಲ ಆದ್ಮೇಲೆ ಚಾರ್ಟನ್ನ ಅದು ಕಾಣೋ ಸೈಜಲ್ಲೇ ತೆರೀರಿ, ಮೊಬೈಲಲ್ಲಿ ನೋಡೋರಿದ್ರೆ ಮೊಬೈಲಲ್ಲೇ. ಮೂಲ ಡೇಟಾದಿಂದ ಮೂರು ಸಾಲು ಆರ್ಸಿ, ಮೊದಲನೇದು, ಕೊನೇದು, ಮಧ್ಯದ ಒಂದು, ಆ ಹೆಸರಿಗೆ ಆ ಬೆಲೆನೇ ಇದ್ಯಾ ಅಂತ ಬಾರ್ ಜೊತೆ ಹೋಲಿಸಿ. ಆಮೇಲೆ ಚಾರ್ಟ್ ಮಾಡೋಕೆ ಸಂಬಂಧ ಇಲ್ದಿರೋ ಒಬ್ಬರಿಗೆ ತೋರ್ಸಿ, ಏನೂ ವಿವರಿಸ್ದೆ, "ಇದ್ರಲ್ಲಿ ಮೊದ್ಲು ಏನ್ ಕಾಣ್ತು" ಅಂತ ಕೇಳಿ. ಅವ್ರು ಹೇಳಿದ್ದು ನಿಮ್ಮ ಟೈಟಲ್ ಜೊತೆ ಕೂಡಿ ಬರ್ಲಿಲ್ಲ ಅಂದ್ರೆ ಹಂತ 2ಕ್ಕೆ ವಾಪಸ್ ಹೋಗಿ.